ಮೂಡಲಗಿ ಬಂದಾನ

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ನನಗೆ ಈಗಾಗಲೇ ಎರಡು ಸಲ ಫೋನ್ ಬಂದಿದೆ. ಗೋಕಾಕದ ಹಳೆಯ ಗಾಡಿಗಳ ಬಳಗದವರು ಹೋದ ತಿಂಗಳು ತೀರಿಕೊಂಡ ತಮ್ಮ ಹಿರಿಯರಾದ ಕಾಕಾ ಅವರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ. ಫೋನ್ ಮಾಡಿದವರು ಬಳಗದ ಈಗಿನ ಮುಖ್ಯಸ್ಥರು, ದಡ್ಡಿಯವರು.

“ಅಕ್ಕಾರ, ಎರಡ ಪುಟ ಸಾಕ್ರಿ. ಕಾಕಾ ನಿಮ್ಮನ್ನ ಮಗಳಂಗ ನೋಡ್ತಿದ್ರಲ್ರಿ, ಅದನ್ನ ಬರದ ಕೊಡ್ರಿ.”

“ಮಗಳಂಗ ನೋಡ್ತಿದ್ರು ಅಂತ ನಿಮಗ ಯಾರ ಹೇಳಿದ್ರಿ?”

“ಎಲ್ಲಾರನೂ ಹಂಗ ನೋಡ್ತಿದ್ರಲ್ರಿ.”

ಬರೆಯುತ್ತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು. ಕಾಕಾ ಅವರ ಹೆಸರನ್ನು ಮಾತ್ರ ನಾನು ಎಲ್ಲಿಯೂ ಬರೆಯುವುದಿಲ್ಲ. ಇಷ್ಟು ವರ್ಷಗಳ ಪರಿಚಯದಲ್ಲಿ ಅವರು ನನ್ನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಲಿಲ್ಲ, ಒಮ್ಮೆಯೂ ಕಾಗದದ ಮೇಲೆ ಬರೆಯಲಿಲ್ಲ. ನಾನೂ ಅದೇ ಮರ್ಯಾದೆಯನ್ನು ಅವರಿಗೆ ತೋರಿಸುತ್ತೇನೆ.

ಗೋಕಾಕದ ಬಸ್‌ಸ್ಟ್ಯಾಂಡ್ ದಾಟಿದರೆ ಅವರ ಸ್ಪೇರ್ ಪಾರ್ಟ್ಸ್ ಅಂಗಡಿ. ಅಲ್ಲಿ ಅವರ ಕುರ್ಚಿ ರಸ್ತೆಗೆ ಬೆನ್ನು ಮಾಡಿರುತ್ತಿತ್ತು. ಎಲ್ಲ ಅಂಗಡಿಕಾರರೂ ಗಿರಾಕಿ ಬರುವ ದಾರಿ ನೋಡುತ್ತಾ ಕೂತರೆ ಇವರು ಬೇರಿಂಗು, ಬೆಲ್ಟುಗಳ ಕಪಾಟನ್ನು ನೋಡುತ್ತಾ ಕೂರುತ್ತಿದ್ದರು. ಹೊಸಬರು ಯಾರಾದರೂ ಯಾಕೆಂದು ಕೇಳಲಿ ಎಂದೇ ಕಾಯುತ್ತಿದ್ದರು ಎಂದು ನನಗೆ ಗುಮಾನಿ. ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

“ಕಣ್ಣ ಸುಳ್ಳ ಹೇಳತಾವ್ರಿ. ಬಣ್ಣಾ ಬಳದ್ರ ಮುದಿ ಗಾಡಿನೂ ಹೊಸಾದ ಕಾಣತೈತಿ. ಕಿವಿ ಹಂಗಲ್ಲ. ಕಿವಿಗೆ ಯಾರೂ ಬಣ್ಣಾ ಬಳಿಯಾಕ ಆಗಂಗಿಲ್ಲ.”

ಆ ಕಿವಿ ನಿಜಕ್ಕೂ ದೊಡ್ಡ ಕಿವಿ. ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ ಯಾವ ಬೇರಿಂಗು ಸವೆದಿದೆ, ಎಷ್ಟು ದಿನ ತಾಳುತ್ತದೆ ಎಂದು ಹೇಳಿಬಿಡುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಬಳಗದವರ ಗಾಡಿ ಅಂಗಡಿಯ ಮುಂದೆ ಬಂದು ಗೇರು ಬದಲಿಸಿದರೆ ಸಾಕು, ಹಿಂತಿರುಗದೆಯೇ, ಸ್ಟೇರಿಂಗ್ ಹಿಂದೆ ಯಾರಿದ್ದಾರೆ ಎಂದು ಹೇಳುತ್ತಿದ್ದರು. ಹೆಸರು ಹಿಡಿದು ಕರೆಯುವ ರೂಢಿ ಅವರಿಗಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. “ದಡ್ಡಿ ಬಂದಾನ.” “ಹುಕ್ಕೇರಿ ಬಂದಾನ, ಇವತ್ತ ಗಡಿಬಿಡಿಯಾಗ ಅದಾನ.” ಕೂಡಿದವರು ತಿರುಗಿ ನೋಡುತ್ತಿದ್ದರು, ಹೇಳಿದವನೇ ಇಳಿಯುತ್ತಿದ್ದ, ಎಲ್ಲರೂ ತಲೆದೂಗುತ್ತಿದ್ದರು. ಕಾಕಾ ಮಾತ್ರ ತಿರುಗುತ್ತಿರಲಿಲ್ಲ. ಕೈಯಲ್ಲೊಂದು ಹತ್ತಿಯ ನೂಲಿನ ಉಂಡೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು. ಆ ಬೆರಳುಗಳಿಗೆ ಗ್ರೀಸು ಹತ್ತಿದ್ದನ್ನು ನಾನಂತೂ ನೋಡಿಲ್ಲ.

ನನ್ನದು ಮೂಡಲಗಿಯಲ್ಲಿ ಔಷಧ ಅಂಗಡಿ. ಕಾಕಾ ತಮ್ಮ ಗುಳಿಗೆಗಳನ್ನು ಗೋಕಾಕದಲ್ಲಿ ಕೊಳ್ಳದೆ ನಮ್ಮ ಅಂಗಡಿಯಿಂದ ತರಿಸುತ್ತಿದ್ದರು, ತಮಗೊಂದು ರೋಗವಿದೆ ಎಂಬುದು ಊರವರಿಗೆ ತಿಳಿಯಬಾರದೆಂದು. ಯಾವ ಗುಳಿಗೆ ಎಂದು ನಾನು ಹೇಳುವುದಿಲ್ಲ, ಅಂಗಡಿ ಇಟ್ಟವಳಿಗೂ ಒಂದು ಧರ್ಮವಿರುತ್ತದೆ. ಒಟ್ಟಿನಲ್ಲಿ ನನ್ನ ಕೈ ಕೊಟ್ಟ ಗುಳಿಗೆ ಅವರಿಗೆ ನಡೆಯುತ್ತಿತ್ತು, ಸ್ಟೇರಿಂಗ್ ಹಿಡಿದ ಕೈ ನಡೆಯುತ್ತಿರಲಿಲ್ಲ.

ನಮ್ಮ ಯಜಮಾನರು ಬಳಗದ ಸದಸ್ಯರು. ನಮ್ಮದು ನನಗಿಂತ ಎರಡೇ ವರ್ಷ ಚಿಕ್ಕದಾದ ಜೀಪು. ಅದರ ಗೇರು ಹಳೆಯ ಕಾಲದ್ದು. ಕ್ಲಚ್ಚನ್ನು ಒಮ್ಮೆ ಒತ್ತಿದರೆ ಸಾಲದು. ಒತ್ತಿ, ಗೇರನ್ನು ನಡುವಿಗೆ ತಂದು, ಬಿಟ್ಟು, ಮತ್ತೊಮ್ಮೆ ಒತ್ತಿ ಹಾಕಬೇಕು. ಇಲ್ಲದಿದ್ದರೆ ಒಳಗಿನ ಹಲ್ಲುಗಳು ಕರ್ರೆಂದು ಕಡಿಯುತ್ತವೆ. ಯಜಮಾನರ ಎಡ ಮೊಣಕಾಲು ಮೊದಲಿನಿಂದಲೂ ಸೊಟ್ಟ. ಒಂದು ಸಲ ಒತ್ತುವುದೇ ಅವರಿಗೆ ಹರಸಾಹಸ. ಹಾಗಾಗಿ ಜೀಪು ಓಡಿಸುತ್ತಿದ್ದವಳು ನಾನು. ನನ್ನ ತವರು ಹುಕ್ಕೇರಿ. ಅಪ್ಪ ಕಬ್ಬು ಹೇರಿದ ಟ್ರ್ಯಾಕ್ಟರನ್ನು ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಗೆ ಹಚ್ಚಿ ಊಟಕ್ಕೆ ಹೋದರೆ, ಸಾಲು ಸರಿದಂತೆ ಅದನ್ನು ಮುಂದೆ ಮುಂದೆ ಒಯ್ಯುವ ಕೆಲಸ ನನ್ನದು. ಕ್ಲಚ್ಚಿನ ಮೇಲೆ ನನ್ನ ಕಾಲು ಹದಗೊಂಡದ್ದು ಅಲ್ಲಿ, ಲಂಗ ದಾವಣಿಯ ವಯಸ್ಸಿನಲ್ಲಿ.

ವಾರಕ್ಕೊಮ್ಮೆ ನಮ್ಮ ಅಂಗಡಿಗೆ ಬೇಕಾದ ಔಷಧ ತರಲು ಇಬ್ಬರೂ ಗೋಕಾಕಕ್ಕೆ ಹೋಗುತ್ತಿದ್ದೆವು. ಕಾಕಾ ಅವರ ಅಂಗಡಿಯ ಮುಂದೆ ನಾನು ಮೂರರಿಂದ ಎರಡಕ್ಕೆ ಇಳಿಸುತ್ತಿದ್ದೆ. ಒಳಗಿನಿಂದ ಬೆನ್ನು ಕೂಗುತ್ತಿತ್ತು, “ಮೂಡಲಗಿ ಬಂದಾನ!”

ಹತ್ತು ಮಾರು ಮುಂದೆ, ಬೇವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ನಡೆದು ಬರುವಷ್ಟರಲ್ಲಿ ಕಾಕಾ ಕರದಂಟಿನ ಡಬ್ಬಿ ತೆಗೆದಿರುತ್ತಿದ್ದರು. ಮೆಚ್ಚಿದವರಿಗೆ ಮಾತ್ರ ಆ ಡಬ್ಬಿ ತೆರೆಯುತ್ತಿತ್ತು.

“ಬಾರೋ ಮೂಡಲಗಿ. ಗೇರ ಹಾಕೂದಂದ್ರ ಹಿಂಗಿರಬೇಕ ನೋಡ. ಹಲ್ಲಿಗೆ ಹಲ್ಲ ತಾಗಿದ್ದ ಗೊತ್ತಾಗಂಗಿಲ್ಲ. ನಮ್ಮ ಬಳಗದಾಗ ಇಂಥಾ ಕೈ ಇನ್ನೊಂದಿಲ್ಲ.”

ಯಜಮಾನರು ಕರದಂಟು ಬಾಯಿಗೆ ಹಾಕಿಕೊಂಡು ನಗುತ್ತಿದ್ದರು. ಆಮೇಲೆ ನನ್ನ ಕಡೆಗೊಮ್ಮೆ ಕಣ್ಣು ಹೊಡೆಯುತ್ತಿದ್ದರು. ನಾನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಗಂಡ ಹೆಂಡತಿಯ ನಡುವಿನ ಚೇಷ್ಟೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಯಜಮಾನರ ಮೇಲೂ ಸಿಟ್ಟು ಬರುತ್ತದೆ. ಒಮ್ಮೆಯಾದರೂ “ಕಾಕಾ, ಗಾಡಿ ಹೊಡದಾಕಿ ಇಕಿ” ಎಂದು ಹೇಳಬಹುದಿತ್ತಲ್ಲ! ಹೇಳಲಿಲ್ಲ. ನನ್ನ ಪಾಲಿನ ಹೊಗಳಿಕೆಯನ್ನೂ ಕರದಂಟನ್ನೂ ಕೂಡಿಯೇ ನುಂಗಿದರು. ಹೇಳದೆ ನಕ್ಕದ್ದು ನನ್ನ ತಪ್ಪು ಕೂಡ ಹೌದು.

ಪ್ರತಿವರ್ಷ ದಸರೆ ಮುಗಿದ ಮೇಲಿನ ಭಾನುವಾರ ಬಳಗದ ಗಾಡಿಗಳೆಲ್ಲ ಗೋಕಾಕದಿಂದ ಹುಕ್ಕೇರಿಯ ಮೇಲೆ ಹಾದು ನಿಡಸೋಸಿಯವರೆಗೆ ಸಾಲಾಗಿ ಹೋಗುವ ಪದ್ಧತಿ. ಹೊರಡುವ ಮುಂಚೆ ಗಾಲಿಗಳಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಆಮೇಲೆ ಆರತಿ. ಆರತಿ ಮಾಡುವವರು ಸದಸ್ಯರ ಹೆಂಡಂದಿರು, ಮುತ್ತೈದೆಯರು. ತಟ್ಟೆ ಕೆಳಗಿಟ್ಟ ಮೇಲೆ ಅವರ ಕೆಲಸ ಮುಗಿಯಿತು. ಹಿಂದಿನ ಸೀಟಿನಲ್ಲಿ ಅವಲಕ್ಕಿಯ ಡಬ್ಬಿಗಳ ಜೊತೆ ಕೂರಬೇಕು. ನಾನೂ ಆರತಿ ಮಾಡಿದವಳೇ. ಆ ದಿನ ಮಾತ್ರ ಯಜಮಾನರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹಲ್ಲು ಕಚ್ಚಿ ತಾವೇ ಓಡಿಸುತ್ತಿದ್ದರು. ಮೂರೂರಿನ ಗಂಡಸರ ಎದುರಿಗೆ ಹೆಂಡತಿಯ ಪಕ್ಕದಲ್ಲಿ ಕೂರುವ ಧೈರ್ಯ ಅವರಿಗಿರಲಿಲ್ಲ. ಆ ದಿನ ಅವರ ಗೇರು ಕರ್ರೆಂದರೆ ಕಾಕಾ, “ಇವತ್ತ ಮೂಡಲಗಿ ಮನಸ ಬ್ಯಾರೆ ಕಡೆ ಐತಿ” ಎಂದು ನಗುತ್ತಿದ್ದರು. ಕೈಯೇ ಬೇರೆ ಎಂದು ಆ ದೊಡ್ಡ ಕಿವಿಗೆ ಹೊಳೆಯಲಿಲ್ಲ.

ಮೂರು ವರ್ಷದ ಹಿಂದೆ ಯಜಮಾನರು ಹೃದಯಾಘಾತದಿಂದ ಹೋದರು. ಅಲ್ಲಿಯವರೆಗೆ ನನ್ನನ್ನು ಅತ್ತಿಗೆ ಎಂಬರ್ಥದಲ್ಲಿ “ವೈನಿ” ಎನ್ನುತ್ತಿದ್ದ ಬಳಗದವರು ತಿಂಗಳೊಳಗೆ “ಅಕ್ಕಾರ” ಎನ್ನತೊಡಗಿದರು. ಕಾಕಾ ಮಾತನಾಡಿಸಲು ಮನೆಗೆ ಬಂದರು. ಚೆನ್ನಾಗಿಯೇ ಮಾತನಾಡಿದರು, ಕಣ್ಣೀರನ್ನೂ ಒರೆಸಿಕೊಂಡರು. ಹೊರಡುವಾಗ ಅಂಗಳದಲ್ಲಿ ನಿಂತ ಜೀಪಿನ ಮೇಲೆ ಕೈಯಾಡಿಸಿ, “ಗಾಡಿ ಬಳಗದಾಗನ ಇರ್ಲವಾ ತಂಗಿ” ಎಂದರು.

“ಬಳಗದಾಗನ ಇರತೈತ್ರಿ ಕಾಕಾ. ನಾ ಹೊಡಿತೇನಿ.”

ಅವರು ನಕ್ಕರು. ದುಃಖದಲ್ಲಿ ಏನೋ ಮಾತಾಡುತ್ತಾಳೆ ಎಂದುಕೊಂಡರೇನೋ, ತಲೆ ನೇವರಿಸಿ ಹೋದರು.

ಮರುವರ್ಷದ ದಸರೆಗೆ ಮುಂಚೆ ನಾನು ಅವರ ಅಂಗಡಿಗೆ ಹೋಗಿ, ಸಾಲಿನಲ್ಲಿ ನಾನೂ ಬರುತ್ತೇನೆ, ಚೀಟಿ ಬರೆಯಿರಿ ಎಂದೆ. ಪ್ರತಿ ಗಾಡಿಯ ಗಾಜಿಗೆ ಓಡಿಸುವವರ ಹೆಸರಿನ ಚೀಟಿ ಅಂಟಿಸುತ್ತಾರೆ, ಅದನ್ನು ಬರೆಯುವುದು ಕಾಕಾ. ನನಗೆ ಬೇಕಾದದ್ದು ಅದೊಂದೇ. ಆ ಸಾಲು, ಆ ಜೀಪು, ಗಾಜಿನ ಮೇಲೆ ನನ್ನ ಹೆಸರು, ಸ್ಟೇರಿಂಗ್ ಹಿಂದೆ ನಾನು. ಅಂದು ಹತ್ತಾರು ಜನ ಕೂಡಿದ್ದರು. ಕಾಕಾ ಬೆರಳು ಒರೆಸಿಕೊಳ್ಳುತ್ತಾ ಕಪಾಟಿನ ಜೊತೆ ಮಾತಾಡಿದರು.

“ನೀನ ತಿಳಕೊಂಡ ನೋಡವಾ. ಹೆಣಮಕ್ಕಳ ಆರತಿ ಮಾಡತಾರ, ಗಂಡಸರು ಗಾಡಿ ಹೊಡಿತಾರ. ಇದ ನಮ್ಮ ಪದ್ಧತಿ. ಆರತಿ ತಟ್ಟಿ ಹಿಡಿಯಾಕ ನಿನಗ ಈಗ…”

ಅಲ್ಲಿಗೆ ನಿಲ್ಲಿಸಿದರು. ಬಾಕಿಯದನ್ನು ಬಾಯಿಬಿಟ್ಟು ಹೇಳದಿರುವುದೇ ಸಭ್ಯತೆ ಎಂದು ಅವರ ಲೆಕ್ಕ.

“ಅಂದ್ರ ತಟ್ಟಿ ಹಿಡಿಯಾಕ ನಾ ಮುತ್ತೈದಿ ಅಲ್ಲ, ಸ್ಟೇರಿಂಗ್ ಹಿಡಿಯಾಕ ಗಂಡಸಲ್ಲ. ಮತ್ತ ನಾ ಎಲ್ಲಿ ನಿಂದರ್ಲ್ರಿ ಕಾಕಾ?”

“ನಿಂದ್ರೂದ ಯಾಕ? ಕುರ್ಚಿ ಹಾಕಸ್ತೇವಿ.”

ಯಾರೋ ಕಿಸಕ್ಕೆಂದರು. ನನಗೆ ಮೈ ಉರಿದುಹೋಯಿತು. ಇದೇ ಕಾಕಾ ಆ ವರ್ಷದ ಬಸವ ಜಯಂತಿಗೆ ಹುಕ್ಕೇರಿಯ ವೇದಿಕೆಯ ಮೇಲೆ ನಿಂತು, ಶರಣರು ಗಂಡು ಹೆಣ್ಣೆಂಬ ಭೇದ ಎಣಿಸಲಿಲ್ಲ, ವಿಧವೆಗೆ ಅಮಂಗಳದ ಪಟ್ಟ ಕಟ್ಟಲಿಲ್ಲ ಎಂದು ಮುಕ್ಕಾಲು ಗಂಟೆ ಮಾತನಾಡಿದ್ದರು. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳು ನಾನೇ. ಮೈಕಿನ ಮುಂದೆ ಶರಣರು, ಅಂಗಡಿಯೊಳಗೆ ಕುರ್ಚಿ!

ಆ ಭಾನುವಾರ ಬೆಳಿಗ್ಗೆ ಜೀಪು ತೊಳೆದು, ಒಬ್ಬಳೇ ಮೂಡಲಗಿಯಿಂದ ಹೊರಟೆ. ಕಾಕಾ ಅವರ ಅಂಗಡಿಯ ಮುಂದೆ ಹನ್ನೊಂದು ಗಾಡಿಗಳು ಸಾಲಾಗಿದ್ದವು, ಆರತಿಯ ತಟ್ಟೆಗಳು ಸಿದ್ಧವಾಗಿದ್ದವು. ಕಾಕಾ ಎಂದಿನಂತೆ ಒಳಗೆ ಬೆನ್ನು ಮಾಡಿ ಕೂತು ಚೀಟಿ ಬರೆಯುತ್ತಿದ್ದರು. ನಾನು ಮೂರರಿಂದ ಎರಡಕ್ಕೆ ಇಳಿಸಿದೆ. ಹಲ್ಲಿಗೆ ಹಲ್ಲು ತಾಗಿದ್ದು ನನಗೂ ಕೇಳಿಸಲಿಲ್ಲ.

“ಮೂಡಲಗಿ ಬಂದಾನ!”

ಕೂಗಿದ್ದು ಕಾಕಾ. ಕೂಗಿ ಮುಗಿದ ಮೇಲೆ ಅವರಿಗೇ ಅರಿವಾಯಿತು. ಪೆನ್ನು ಕೈಯಿಂದ ಜಾರಿತು. ನನಗೆ ತಿಳಿದಮಟ್ಟಿಗೆ ಮೊದಲ ಸಲ ಅವರು ಕುರ್ಚಿಯಲ್ಲಿ ಪೂರ್ತಿ ತಿರುಗಿ ರಸ್ತೆಯನ್ನು ನೋಡಿದರು. ಮುಖ ಬಿಳಿಚಿಕೊಂಡಿತ್ತು. ಸತ್ತವನು ಗೇರು ಹಾಕಿದ್ದನ್ನು ಅವರು ಕೇಳಿದ್ದರು. ನಾನು ಇಳಿದು ಒಳಗೆ ಹೋದೆ.

“ಬಂದಾನ ಅಲ್ರಿ ಕಾಕಾ, ಬಂದಾಳ. ಮೊದಲಿಂದನೂ ಬಂದಾಳನ. ಅವರ ಮೊಣಕಾಲ ಎಂಥಾದಿತ್ತ ನಿಮಗ ಗೊತ್ತಿಲ್ಲೇನ್ರಿ? ಎರಡ ಸಲ ಕ್ಲಚ್ ಒತ್ತುವ ಕಾಲ ಅದಾಗಿತ್ತೇನ್ರಿ?”

ಮೊಣಕಾಲಿನ ಕಥೆ ಅಲ್ಲಿದ್ದ ಎಲ್ಲರಿಗೂ ಗೊತ್ತು. ದಡ್ಡಿಯವರು ನೆಲ ನೋಡಿದರು. ಕಾಕಾ ನೂಲಿನ ಉಂಡೆಯನ್ನು ಹುಡುಕಿ ತೆಗೆದುಕೊಂಡರು.

“ಅವ ಕಲಿಸಿದ ಕೈ ಅದು. ಅದಕ್ಕ ಹಂಗ ಕೇಳತೈತಿ.”

“ಕಬ್ಬಿನ ಟ್ರ್ಯಾಕ್ಟರ್ ಮ್ಯಾಲೆ ಕಲಿತೇನ್ರಿ ನಾ, ಮದುವಿಗೆ ಮೊದಲ.”

“ನನ್ನ ಕಿವಿ ಇವತ್ತಿನ ಮಟಾ ತಪ್ಪಿಲ್ಲವಾ.”

“ಕಿವಿ ತಪ್ಪಿಲ್ರಿ. ಕೈ ಬರೋಬ್ಬರಿ ಗುರ್ತ ಹಿಡದೀರಿ. ನಾಲಿಗಿ ತಪ್ಪೇತಿ. ‘ಬಂದಾಳ’ ಅನ್ರಿ, ಚೀಟಿ ಬರೀರಿ, ಮುಗೀತು.”

ಒಂದು ಅಕ್ಷರ ಬದಲಿಸುವುದಷ್ಟೇ ಇತ್ತು. ‘ನ’ ಇದ್ದಲ್ಲಿ ‘ಳ’. ಕಾಕಾ ಮೇಜಿನ ಮೇಲಿದ್ದ ಚೀಟಿಯೊಂದನ್ನು ನನ್ನ ಮುಂದೆ ಸರಿಸಿದರು. ಮೊದಲೇ ಬರೆದಿಟ್ಟದ್ದು. ಅದರ ಮೇಲೆ ಲಿಂಗೈಕ್ಯ ಎಂದು ಸೂಚಿಸುವ ‘ಲಿಂ.’ ಹಚ್ಚಿ ನಮ್ಮ ಯಜಮಾನರ ಹೆಸರು, ಅದರ ಮುಂದೆ ‘ಅವರ ಸ್ಮರಣಾರ್ಥ’, ಕೆಳಗೆ ಓಡಿಸುವವರು ಎಂದು ದಡ್ಡಿಯವರ ಹೆಸರು. ಆ ವರ್ಷ ದಡ್ಡಿಯವರ ಕಾರಿನ ಇಂಜಿನ್ ಬಿಚ್ಚಿಟ್ಟಿದ್ದರು. ನನ್ನ ಜೀಪನ್ನು ಅವರಿಗೆ ಹಂಚಿಕೊಟ್ಟಾಗಿತ್ತು. ನನ್ನ ಗಂಡನಿಗೆ ಸತ್ತ ಮೇಲೂ ಸಾಲಿನಲ್ಲಿ ಜಾಗವಿತ್ತು, ಬದುಕಿದ್ದ ನನಗಿರಲಿಲ್ಲ.

ದಡ್ಡಿಯವರು ಕೀಲಿಕೈಗಾಗಿ ಕೈ ಚಾಚಿದರು, “ಕೊಡ್ರಿ ಅಕ್ಕಾರ, ಹುಷಾರಿಲೆ ಹೊಡಿತೇನಿ.” ಅಂದು ಹಾಗೆ ಕೈ ಚಾಚಿದವರೇ ಇಂದು ಚಂದದ ಎರಡು ಪುಟ ಕೇಳುತ್ತಿದ್ದಾರೆ. ನಾನು ಚೀಟಿಯನ್ನು ನಾಲ್ಕಾಗಿ ಹರಿದು ಅಲ್ಲೇ ಬಿಟ್ಟು ಜೀಪು ಹತ್ತಿದೆ. ಹೆಂಗಸರು ಹನ್ನೊಂದು ಗಾಡಿಗೂ ಆರತಿ ಎತ್ತಿದರು. ನನ್ನ ಜೀಪಿನ ಹತ್ತಿರ ಯಾರೂ ಬರಲಿಲ್ಲ. ಸಾಲು ಹೊರಟಿತು, ಕೊನೆಯ ಗಾಡಿಯ ಹಿಂದೆ ನಾನೂ ಹೊರಟೆ. ಹುಕ್ಕೇರಿಯ ರಸ್ತೆ ಮಾಡಿಸಿದ್ದು ಸರ್ಕಾರ, ಕಾಕಾ ಅಲ್ಲ. ನಿಡಸೋಸಿಯಲ್ಲಿ ಫೋಟೋ ತೆಗೆಯುವಾಗ, “ಜರಾ ಬಾಜೂ ಸರಸ್ರಿ ಅಕ್ಕಾರ, ಫ್ರೇಮಿನ್ಯಾಗ ಬರಾಕತ್ತೇತಿ” ಎಂದರು. ಸರಿಸಲಿಲ್ಲ. ಅವರೇ ಕ್ಯಾಮೆರಾ ಸರಿಸಿಕೊಂಡರು.

ಮುಂದಿನ ವರ್ಷವೂ ಹಾಗೆಯೇ ಹೋದೆ, ಚೀಟಿಯಿಲ್ಲದೆ, ಕೊನೆಯಲ್ಲಿ. ಈಗ ನನ್ನ ಜೊತೆ ತಮ್ಮ ಕಾರು ತರುವ ಹೆಣ್ಣುಮಕ್ಕಳು ಇನ್ನಿಬ್ಬರಿದ್ದಾರೆ. ಬಳಗದ ಪಟ್ಟಿಯಲ್ಲಿ ನಮ್ಮ ಮೂವರನ್ನೂ ‘ಕುಟುಂಬ ಸದಸ್ಯರು’ ಎಂಬ ಶಿರೋನಾಮೆಯ ಕೆಳಗೆ ಹಾಕಿದ್ದಾರೆ. ಯಾರ ಕುಟುಂಬ ಎಂಬುದನ್ನು ಮಾತ್ರ ಬರೆದಿಲ್ಲ.

ಕೊನೆಯ ವರ್ಷ ಕಾಕಾ ಅವರ ಕಣ್ಣು ಹೋಯಿತು. ಅಂಗಡಿ ಮುಚ್ಚಿ, ಮನೆಯ ಮುಂಬಾಗಿಲಲ್ಲಿ ಮಂಚ ಹಾಕಿಸಿಕೊಂಡು ಕೂರತೊಡಗಿದರು. ಕಿವಿ ಮಾತ್ರ ಮೊದಲಿನಂತೆಯೇ ಇತ್ತು. ಗುಳಿಗೆ ಒಯ್ಯಲು ಬರುತ್ತಿದ್ದ ಅವರ ಸೊಸೆ ಒಮ್ಮೆ ಹೇಳಿದಳು, “ನಿಮ್ಮ ಗಾಡಿ ಹಾದ್ರ ಈಗೂ ‘ಮೂಡಲಗಿ ಬಂದಾನ’ ಅಂತಾರ ನೋಡ್ರಿ ಮಾವಾರು.” ತೀರಿಹೋದ ಗೆಳೆಯನನ್ನೂ ಮರೆಯದ ಹೃದಯ ಎಂದು ಬಳಗದ ವಾಟ್ಸಾಪಿನಲ್ಲಿ ಇದನ್ನೇ ಬರೆದುಕೊಂಡು ಎಲ್ಲರೂ ಕೈಮುಗಿದಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ನನ್ನ ಹೆಸರು ಹೇಳುವುದನ್ನು ತಪ್ಪಿಸಲು ಅವರು ಸತ್ತವರನ್ನು ಪ್ರತಿವಾರ ಎಬ್ಬಿಸಿ ಕೂರಿಸುತ್ತಿದ್ದರು.

ಒಂದು ಮಧ್ಯಾಹ್ನ ತಡೆಯಲಾರದೆ ಜೀಪು ನಿಲ್ಲಿಸಿ ಮಂಚದ ಹತ್ತಿರ ಹೋದೆ.

“ಕಾಕಾ, ನಾನ್ರಿ.”

“ಯಾರವಾ?”

“ಮೂಡಲಗಿ.”

ಮುಖವನ್ನು ನನ್ನ ಕಡೆಗೆ ಹೊರಳಿಸಿದರು. “ಅವ ಎಲ್ಲದಾನ? ಗಾಡಿ ಆವಾಜ ಕೇಳಿತು.”

ಬುದ್ಧಿ ಮಬ್ಬಾಗಿತ್ತೋ, ಹಠವೋ, ನನಗೆ ತಿಳಿಯಲಿಲ್ಲ. ಗುಳಿಗೆ ಕೊಡುವವಳು ನಾನು, ಬುದ್ಧಿಗೆ ಬೇಕಾದ ಗುಳಿಗೆ ಯಾವುದೂ ಅವರ ಔಷಧದ ಚೀಟಿಯಲ್ಲಿರಲಿಲ್ಲ. ಹಿಂತಿರುಗಿ ಜೀಪು ಹತ್ತಿದೆ. ಒಂದರಿಂದ ಎರಡಕ್ಕೆ ಹಾಕುವಾಗ ಬೇಕೆಂದೇ ಒಂದೇ ಸಲ ಕ್ಲಚ್ ಒತ್ತಿ ಗೇರನ್ನು ನೂಕಿದೆ. ಕರ್ರೆಂದು ಹಲ್ಲು ಕಡಿಯಿತು, ಆ ಓಣಿಯೆಲ್ಲ ಕೇಳುವಂತೆ. ನನ್ನ ಜೀಪಿಗೆ ನಾನೇ ಹೊಡೆದಂತಾಯಿತು.

ಹಿಂದಿನಿಂದ ಕಾಕಾ ಅವರ ದೊಡ್ಡ ನಗೆ. “ಯಾವಾಕಿಲೇ ಅಕಿ? ಹೆಂಗಸ ಹೊಡ್ಯಾಕತ್ತಾಳ ನೋಡ ಗಾಡಿ!”

‘ಳ’ ಎಂದು ಮುಗಿದ ಮಾತು ಅವರ ಬಾಯಿಂದ ನನ್ನ ಬಗ್ಗೆ ಬಂದದ್ದು ಅದೇ ಮೊದಲು. ಚೆನ್ನಾಗಿ ಓಡಿಸಿದರೆ ಗಂಡಸು, ಹಲ್ಲು ಕಡಿಸಿದರೆ ಹೆಂಗಸು. ಅವಮಾನದಿಂದ ಕಣ್ಣಲ್ಲಿ ನೀರು ಬಂತು. ಆದರೂ ಕಾಲು ತನ್ನ ಕೆಲಸ ಮರೆತಿರಲಿಲ್ಲ. ಒತ್ತಿ, ಬಿಟ್ಟು, ಮತ್ತೆ ಒತ್ತಿ, ಎರಡರಿಂದ ಮೂರಕ್ಕೆ ಸದ್ದಿಲ್ಲದೆ ಹಾಕಿದೆ. ಅವರು ಇಪ್ಪತ್ತು ಸಲ ಹೊಗಳಿದ ಅದೇ ಕೈ. ನಗೆ ಅರ್ಧಕ್ಕೇ ನಿಂತುಹೋಯಿತು.

ಹೋದ ವಾರ ಸೊಸೆ ಉಳಿದ ಗುಳಿಗೆಗಳನ್ನು ತಿರುಗಿ ಕೊಡಲು ಬಂದಿದ್ದಳು. ಅಂದಿನ ಮಾತನ್ನು ಅವಳೇ ತೆಗೆದಳು.

“ನೀವು ಹೋದ ಮ್ಯಾಲೆ ಮಾವಾರು ರಸ್ತೆ ಕಡೆ ಕಿವಿ ಕೊಟ್ಟ ಕುಂತ್ರು. ಆಮ್ಯಾಲೆ ‘ಮೂಡಲಗಿ’ ಅಂದ್ರು. ಮುಂದ ‘ಬಂದಾನ’ ಅನಲಿಲ್ಲ, ‘ಬಂದಾಳ’ನೂ ಅನಲಿಲ್ಲ. ಆವತ್ತಿಂದ ಸಾಯೂ ಮಟಾ ನಿಮ್ಮ ಗಾಡಿ ಹಾದ್ರ ಬರೇ ‘ಮೂಡಲಗಿ’ ಅಷ್ಟ ಅಂತಿದ್ರು.” ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು, “ಅಷ್ಟ ಸಾಕಲ್ರಿ ಅಕ್ಕಾರ? ಮನಸಿನ್ಯಾಗ ಅವರಿಗೆ ತಿಳದಿತ್ತ.”

ಒಳ್ಳೆಯ ಹುಡುಗಿ ಅವಳು. ನನ್ನಿಂದ ಹೌದು ಎನ್ನಿಸಿಕೊಂಡು ಹೋಗಲೆಂದೇ ಗೋಕಾಕದಿಂದ ಬಂದಿದ್ದಳು. ನಾನು ಗುಳಿಗೆಗಳನ್ನು ಕಪಾಟಿನಲ್ಲಿ ಇಡುತ್ತಾ ಹೇಳಿದೆ,

“ತಿಳೀಲಾರ್ದ ಹೋಗಿದ್ರ ಬಿಟ್ಟಬಿಡ್ತಿದ್ದೆ ತಂಗಿ. ತಿಳದೂ ಬಾಯಿ ಬಿಡಲಿಲ್ಲಲ್ಲ.”